ಅತ್ತೆ ಒಳಗಿನಿಂದ ಚಿಲಕ ಹಾಕಿಕೊಂಡರು

ರೀ,

ಫೋನಿನಲ್ಲಿ ಹೇಳಿದರೆ ಅತ್ತೆಗೆ ಕೇಳಿಸುತ್ತದೆ, ಅದಕ್ಕೇ ಬರೆದಿಟ್ಟು ಹೋಗುತ್ತಿದ್ದೇನೆ.

ಇವತ್ತು ಅತ್ತೆ ಒಬ್ಬರೇ ಸ್ನಾನ ಮಾಡಿದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗಿನಿಂದ ನಾನೇ ನೀರು ಹಾಕುತ್ತಿದ್ದೆ. ಅವರು ನಾಚಿಕೆಯಿಂದ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದರು. ಈ ಬೆಳಿಗ್ಗೆ ನೀವು ಗದ್ದೆಗೆ ಹೋದಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಸೀದಾ ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಬಾಗಿಲಿಗೆ ಕಿವಿಯಿಟ್ಟು ನಿಂತೆ.

"ಅಲ್ಲೇ ಯಾಕೆ ನಿಂತೀಯೆ? ನಾನೇನು ಕೂಸಾ? ಹೋಗಿ ದ್ವಾಸೆ ಹುಯ್ಯಿ," ಅಂದರು.

ನೀವು ಗೋಡೆಗೆ ಕೂರಿಸಿದ ಸ್ಟೀಲ್ ಹಿಡಿಕೆ ಅಲ್ಲಾಡಲಿಲ್ಲ. ನಾನು ಹಾಸಿದ ಒರಟು ಟೈಲ್ಸ್ ಜಾರಲಿಲ್ಲ. ಮೇಸ್ತ್ರಿಯನ್ನು ಕರೆಸಲು ಕೈ ಸಾಗದೆ ನಾವೇ ಮಾಡಿದ್ದಕ್ಕೆ ಈಗ ಮನಸ್ಸು ಹಗುರಾಯಿತು.

ಬಣ್ಣಕ್ಕೊಂದು ಟೈಲ್ಸ್ ಅಂತ ಮತ್ತೆ ನಗಬೇಡಿ, ಅಂಗಡಿಯ ಉಳಿಕೆ ಮಾಲಿನಲ್ಲಿ ಸಿಕ್ಕಿದ್ದೇ ಅಷ್ಟು. ಹಂಡೆ ಪಕ್ಕದ ಮೂಲೆಗೆ ಈಗಷ್ಟೇ ಬಿಳಿ ಸಿಮೆಂಟು ಬಳಿದಿದ್ದೇನೆ, ಸಂಜೆವರೆಗೆ ಅಲ್ಲಿ ನೀರು ಚೆಲ್ಲಬೇಡಿ. ಪಲ್ಯ ಮುಚ್ಚಿಟ್ಟಿದ್ದೇನೆ, ಇಬ್ಬರೂ ಉಣ್ಣಿ. ಅತ್ತೆಯ ಎದುರು ಸ್ನಾನದ ಮಾತೆತ್ತಬೇಡಿ, ಏನೂ ಆಗಿಲ್ಲವೆನ್ನುವ ಹಾಗೆ ಇರಿ. ನಾನು ಶಿಕಾರಿಪುರದ ಮೀಟಿಂಗ್ ಮುಗಿಸಿ ಸಂಜೆ ಬಸ್ಸಿಗೆ ಬರುತ್ತೇನೆ.

ದೋಸೆ ತಿನ್ನುತ್ತಾ ಅತ್ತೆ, "ಕುಪ್ಪಗಡ್ಡೆಗೆ ಹೋಗಿ ಮಗಳ ಮನೇಲಿ ನಾಕು ದಿನ ಇದ್ದು ಬರ್ಲೇನೇ?" ಅಂತ ಕೇಳಿದರು. ಬಿದ್ದಮೇಲೆ ಅವರು ಎಲ್ಲಿಗಾದರೂ ಹೋಗುತ್ತೇನೆ ಅಂದದ್ದು ಇದೇ ಮೊದಲು.

ಪಕ್ಕದ ಮನೆಯಿಂದ ತಂದ ಡ್ರಿಲ್ಲಿಂಗ್ ಮಿಷನ್ ಇನ್ನೂ ವಾಪಸ್ ಕೊಡಬೇಡಿ. ನಿಮ್ಮ ತಂಗಿಯ ಬಚ್ಚಲಿಗೂ ಒಂದು ಹಿಡಿಕೆ ಕೂರಿಸಬೇಕು.