ಪೊರಕೆ ಕಾಣದ ಹಿತ್ತಲಿನ ಅಣಬೆಗಳು

ಮನೆಯಿಂದ,
ಬುಧವಾರ ಬೆಳಿಗ್ಗೆ, ಮಳೆ ಹೊಳವಾದ ಹೊತ್ತು

ಪ್ರೀತಿಯ ಅತ್ತೆ,

ದೊಡ್ಡಮ್ಮನ ಮಂಡಿ ಹೇಗಿದೆ? ಆಪರೇಷನ್ ಆದ ಕಾಲನ್ನು ಮಡಿಸಲು ಶುರು ಮಾಡಿದರೇ? ನಿಮ್ಮ ಬೆನ್ನು ಹೇಗಿದೆ? ಅಕ್ಕನನ್ನು ನೋಡಿಕೊಳ್ಳಲು ಹೋದ ನೀವೇ ಮಂಚ ಹಿಡಿಯಬೇಡಿ. ಅವರ ಮನೆಯ ಮಹಡಿ ಮೆಟ್ಟಿಲನ್ನು ದಿನಕ್ಕೆ ಒಂದೇ ಸಲ ಹತ್ತುತ್ತೇನೆ ಎಂದು ಹೇಳಿ ಹೋಗಿದ್ದೀರಿ. ಆ ಮಾತನ್ನು ನಾನು ನಂಬಿಲ್ಲ, ದೊಡ್ಡಮ್ಮನೂ ನಂಬಿರಲಾರರು. ಇಲ್ಲಿ ನಾವೆಲ್ಲ ಕ್ಷೇಮ. ಈ ಮಾತನ್ನು ಅಭ್ಯಾಸಬಲದಿಂದ ಬರೆಯುತ್ತಿಲ್ಲ, ಈ ವಾರ ಅದಕ್ಕೊಂದು ತೂಕ ಬಂದಿದೆ. ಎಲ್ಲವನ್ನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮಗೆ ಫೋನ್ ಮಾಡಿದರೆ ಸಾಕು, ಮಾವ ಪೇಪರು ಹಿಡಿದುಕೊಂಡು ಪಕ್ಕದ ಕುರ್ಚಿಗೆ ಬಂದು ಕೂರುತ್ತಾರೆ. ಪೇಪರು ತಲೆಕೆಳಗಾಗಿದ್ದರೂ ಕಿವಿ ಮಾತ್ರ ನೆಟ್ಟಗಿರುತ್ತದೆ. ಸುದ್ದಿಯೋ, ಅವರದ್ದೇ. ಹಾಗಾಗಿ ಕಾಗದ.

ನಿಜ ಹೇಳಬೇಕೆಂದರೆ ಇದಕ್ಕೆಲ್ಲ ನೀವೇ ಕಾರಣ. ನೀವಿದ್ದಾಗ ಮಳೆಗಾಲದಲ್ಲಿ ಹಿತ್ತಲಲ್ಲಿ ಒಂದು ನಾಯಿಕೊಡೆ ತಲೆ ಎತ್ತಿದರೂ ಪೊರಕೆಯ ಏಟು ಬೀಳುತ್ತಿತ್ತು. ಈ ಸಲ ನೀವಿಲ್ಲ, ಪೊರಕೆ ಬಾಗಿಲ ಹಿಂದೆ ಆರಾಮವಾಗಿ ಒರಗಿಕೊಂಡಿದೆ, ನಾನೋ ಹಿತ್ತಲಿಗೆ ಹೋದರೆ ಬಟ್ಟೆ ಒಣಹಾಕುವುದನ್ನೂ ಮರೆತು ಮೋಡ ನೋಡುವವಳು. ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ಬಟ್ಟೆ ಒಗೆಯುವ ಕಲ್ಲಿನ ಆಚೆ ಹುಲ್ಲಿನ ಮೇಲೆ ಬಿಳಿಯ ಕೊಡೆಗಳ ಒಂದು ದೊಡ್ಡ ಬಳೆ! ಅಂಗೈಗಿಂತ ಅಗಲದ ಟೋಪಿಗಳು, ಮೇಲೆ ಕಂದು ಚೂರುಗಳು, ಕಾಂಡಕ್ಕೊಂದು ಉಂಗುರ. ಬಾಗಿಲು ತಟ್ಟದೆ, ಯಾರನ್ನೂ ಎಬ್ಬಿಸದೆ ಇಷ್ಟೊಂದು ಜನ ಬಂದು ಕೂತಿದ್ದಾರಲ್ಲ ಎಂದು ನಾನು ಸುಮ್ಮನೆ ನಿಂತೆ. ಬೆನ್ನ ಹಿಂದೆ ಟಕಟಕ ಎಂದು ಸದ್ದಾಯಿತು. ಮಾವ ಬಾಗಿಲ ಚೌಕಟ್ಟಿನ ಮೇಲೆ ತಾಳ ಹಾಕುತ್ತಿದ್ದರು.

ಆ ಸದ್ದು ಕೇಳಿ ನನಗೆಷ್ಟು ಸಂತೋಷವಾಯಿತೆಂದು ನಿಮಗೊಬ್ಬರಿಗೇ ಅರ್ಥವಾದೀತು. ಮಣಿಕಟ್ಟಿನ ನೋವಿನಿಂದ ಬ್ಯಾಂಡಿನ ಡ್ರಮ್ ಬಿಟ್ಟ ಮೇಲೂ ಅವರ ಬೆರಳು ಸುಮ್ಮನಿದ್ದದ್ದಿಲ್ಲ. ಊಟದ ಮೇಜು, ಸ್ಟೀಲ್ ಲೋಟ, ಫ್ರಿಜ್ಜಿನ ಬೆನ್ನು, ಎಲ್ಲವೂ ಡ್ರಮ್ಮೇ. ಆದರೆ ನೀವು ಹೊರಟ ದಿನದಿಂದ ಆ ಸದ್ದು ನಿಂತೇ ಹೋಗಿತ್ತು. ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು ಎದ್ದು ಹೋಗುತ್ತಿದ್ದರು. ನಿಮಗೆ ಚಿಂತೆಯಾದೀತೆಂದು ನಾನು ಹೇಳಿರಲಿಲ್ಲ. ಈಗ ಆ ಮನುಷ್ಯ ಮಗುವಿನ ಹಾಗೆ ಅಣಬೆಗಳ ನಡುವೆ ಕುಕ್ಕರುಗಾಲಲ್ಲಿ ಕೂತು, "ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಿತ್ತಲ ಅಣಬೆ ಊಟ ಆಗಬಾರದು ಅಂತ ಯಾರಾದ್ರೂ ಹೇಳಿದಾರಾ?" ಎಂದರು. ನಾನು ಬೇಡವೆನ್ನುವ ಮೊದಲೇ ಬುಟ್ಟಿ ತುಂಬಿತ್ತು, ಹಳೆಯ ಗೆಳೆಯರಿಬ್ಬರಿಗೆ ಫೋನೂ ಹೋಗಿತ್ತು. ಕ್ಲಾರಿನೆಟ್ಟಿನವರು, ತಾಳದವರು, ಇಬ್ಬರೂ ಸೋಮವಾರ ಮಧ್ಯಾಹ್ನ ಊಟಕ್ಕೆ.

"ಮಾವ, ವಿಷದ್ದಾಗಿದ್ದರೆ?" ಎಂದೆ. ಬೆರಳು ನಿಂತವು. ಮುಖ ಬಾಡಿತು. ಆಮೇಲೆ ಒಳಗೆ ಹೋಗಿ, ಬ್ಯಾಂಡಿನ ಸ್ಪರ್ಧೆಯಲ್ಲಿ ಗೆದ್ದ ಬೆಳ್ಳಿ ಪದಕ ತಂದರು. ನೀವು ವರ್ಷಕ್ಕೊಮ್ಮೆ ಒರೆಸಿ ಇಡುತ್ತೀರಲ್ಲ, ಅದೇ. ಒಂದು ಅಣಬೆಯ ಜೊತೆ ಅದನ್ನು ಪಾತ್ರೆಗೆ ಹಾಕಿ ಕುದಿಸಿದರು. "ವಿಷ ಇದ್ರೆ ಬೆಳ್ಳಿ ಕಪ್ಪಾಗುತ್ತೆ. ನಮ್ಮಜ್ಜಿ ಹೇಳ್ತಿದ್ರು." ಪದಕ ಹೊರಬಂದಾಗ ಮದುಮಗನ ಹಾಗೆ ಹೊಳೆಯುತ್ತಿತ್ತು. ಮಾವನೂ ಹೊಳೆದರು. ಆ ಹೊಳಪಿನ ಮೇಲೆ ನೀರು ಎರಚಲು ನನಗೆ ಮನಸ್ಸು ಬರಲಿಲ್ಲ ಅತ್ತೆ. ನಿಮ್ಮ ಮಗನಿಗೆ ಹೇಳಿದರೆ, "ನಿಮ್ಮಿಬ್ಬರ ವಿಷಯ, ನೀವೇ ನೋಡ್ಕೊಳ್ಳಿ. ನನಗೆ ನಾಳೆ ಆಫೀಸಲ್ಲೇ ಊಟ" ಎಂದು ಜಾರಿಕೊಂಡರು. ಅಪ್ಪನಿಗೆ ಎದುರಾಡುವ ಧೈರ್ಯ ಅವರಿಗೆ ಎಂದು ತಾನೇ ಇತ್ತು!

ಬುಟ್ಟಿಯಿಂದ ಒಂದು ಅಣಬೆ ಎತ್ತಿಕೊಂಡು ಪಕ್ಕದ ಮನೆಯ ಗಿಡದ ಮೇಡಂ ಹತ್ತಿರ ಓಡಿದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರಾದ್ದರಿಂದ ಒಂದೇ ನೋಟಕ್ಕೆ ತೀರ್ಪು ಕೊಡುತ್ತಾರೆಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿ, "ನೋಡಿ ಹೇಳೋಕೆ ನನಗೆ ಗೊತ್ತಾಗಲ್ಲಮ್ಮ. ಗೊತ್ತು ಅಂದ್ಕೊಂಡು ತಿಂದೋರೇ ಜಾಸ್ತಿ ಆಸ್ಪತ್ರೆ ಸೇರೋದು" ಎಂದರು. ಬೆಳ್ಳಿಯ ಕಥೆ ಕೇಳಿ ನಕ್ಕರು. ಬೆಳ್ಳಿ, ಬೆಳ್ಳುಳ್ಳಿ, ಅಕ್ಕಿ, ಯಾವುದೂ ಪರೀಕ್ಷೆಯಲ್ಲವಂತೆ. ಹುಳ ತಿಂದಿದ್ದರೆ ಅದು ಹುಳಕ್ಕೆ ಒಳ್ಳೆಯದು ಅಂತ ಅರ್ಥ, ಅಷ್ಟೇ. ಎಷ್ಟು ಬೇಯಿಸಿದರೂ ಹೋಗದ ವಿಷಗಳಿವೆ, ತಿಂದ ದಿನ ಸುಮ್ಮನಿದ್ದು ಮಾರನೆಯ ದಿನ ಎದ್ದು ಕೂರುವ ವಿಷಗಳೂ ಇವೆ. "ಮುಟ್ಟಿದ್ರೆ ಏನಾಗಲ್ಲ, ಕೈ ತೊಳ್ಕೊ. ಕಣ್ಣಿಗೆ ಎಷ್ಟು ಬೇಕಾದ್ರೂ ತಿನ್ನಿಸು, ಬಾಯಿಗೆ ಮಾತ್ರ ಬೇಡ." ಆಮೇಲೆ ಅಣಬೆಯ ಟೋಪಿ ಕತ್ತರಿಸಿ, ಬಿಳಿ ಕಾಗದದ ಮೇಲೆ ಕವುಚಿ, ಮೇಲೊಂದು ಬಟ್ಟಲು ಮುಚ್ಚಿ, ಬೆಳಿಗ್ಗೆ ಬಾ ಎಂದರು.

ಬೆಳಿಗ್ಗೆ ಟೋಪಿ ಎತ್ತಿದಾಗ ಕಾಗದದ ಮೇಲೆ ಒಂದು ಚಕ್ರ ಮೂಡಿತ್ತು. ಸೂಜಿಯಲ್ಲಿ ಎಳೆದಂಥ ನೂರಾರು ಗೆರೆಗಳು, ಬೂದು ಬೆರೆತ ಹಸಿರು. ಅಣಬೆಯ ಬೀಜದಂಥ ಪುಡಿ ಉದುರಿ ತಾನೇ ಬರೆದುಕೊಂಡ ಚಿತ್ರ. ಅಷ್ಟು ಚೆಲುವಾದದ್ದನ್ನು ನಾನು ಈಚೆಗೆ ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಮೇಡಂ ಮಾತ್ರ ತಲೆ ಅಲ್ಲಾಡಿಸಿದರು. ಅಂಗಳದ ಹುಲ್ಲಿನಲ್ಲಿ ಬೆಳೆಯುವ ಈ ಹಸಿರು ಪುಡಿಯದ್ದು ವಿಷದ್ದಂತೆ. ತಿಂದವರಿಗೆ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಹಿಡಿದು ಹಣ್ಣುಮಾಡುತ್ತದಂತೆ. ವಯಸ್ಸಾದವರಿಗೆ ಕೇಳಲೇಬೇಡ ಎಂದರು.

ಮನೆಗೆ ಬಂದರೆ ಮಾವ ಬೆಳಗಿನ ವಾಕಿಂಗ್ ಮುಗಿಸಿ ಬಂದು, ಹಿತ್ತಲ ಕಟ್ಟೆಯ ಮೇಲೆ ಕೂತು ತಾವೇ ಅಣಬೆ ಹೆಚ್ಚುತ್ತಿದ್ದರು. "ಇವತ್ತು ಇದು ನನ್ನ ಕೆಲಸ. ನೀನು ಈರುಳ್ಳಿ ನೋಡ್ಕೊ" ಎಂದು ನನ್ನನ್ನು ಹತ್ತಿರಕ್ಕೂ ಸೇರಿಸಲಿಲ್ಲ. ಹೆಚ್ಚಿದ್ದನ್ನು ಉಪ್ಪು ನೀರಿನಲ್ಲಿ ಹಾಕಿ, ಮುಚ್ಚಿಟ್ಟು, ಸ್ನಾನಕ್ಕೆ ಹೋದರು. ನಾನು ಕಾದದ್ದು ಅದಕ್ಕೇ. ಮೇಡಂ ಮನೆಯಿಂದ ನೇರ ತರಕಾರಿ ಅಂಗಡಿಗೆ ಹೋಗಿ ಚಿಪ್ಪಣಬೆ ತಂದು ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದೆ. ಪಾತ್ರೆಯಲ್ಲಿದ್ದದ್ದನ್ನು ನೋಡದೆ, ಮೂಸದೆ, ಎಲೆಗೊಬ್ಬರದ ಗುಂಡಿಗೆ ಸುರಿದು ಮಣ್ಣು ಮುಚ್ಚಿದೆ. ಪಾತ್ರೆ ತಿಕ್ಕಿ ತೊಳೆದೆ, ಕೈ ತೊಳೆದೆ, ಅಂಗಡಿಯದ್ದನ್ನು ಹೆಚ್ಚಿ ಉಪ್ಪು ನೀರಿಗೆ ಹಾಕಿ ಹಾಗೇ ಮುಚ್ಚಿಟ್ಟೆ. ಸ್ನಾನದ ಮನೆಯಿಂದ ಬಕೆಟ್ಟಿನ ಮೇಲೆ ತಾಳ ಕೇಳುತ್ತಲೇ ಇತ್ತು. ಅದು ನಿಂತರೆ ನನ್ನ ಕೆಲಸ ಕೆಟ್ಟಿತು ಎಂದುಕೊಂಡು ಕೈ ಓಡಿಸಿದೆ.

ಊಟಕ್ಕೆ ಕೂತಾಗಿನ ಸಂಭ್ರಮ ನೀವು ನೋಡಬೇಕಿತ್ತು. ಕ್ಲಾರಿನೆಟ್ಟಿನವರು ಮೊದಲ ತುತ್ತಿಗೇ ಕಣ್ಣು ಮುಚ್ಚಿ, "ಅಂಗಡಿ ಅಣಬೆಗೆ ಈ ರುಚಿ ಎಲ್ಲಿಂದ ಬರಬೇಕಮ್ಮ? ಅದು ಬರೀ ರಬ್ಬರು!" ಎಂದರು. ನಾನು ತಟ್ಟೆ ನೋಡುತ್ತ ಹೂಂ ಎಂದೆ. ಅಷ್ಟರಲ್ಲಿ ತಾಳದವರು, "ಅದ್ಸರಿ, ವಿಷ ಇಲ್ಲ ಅಂತ ಹೇಗೆ ನೋಡ್ದೆ?" ಎಂದು ಕೇಳಿದರು. "ನಮ್ಮ ಬೆಳ್ಳಿ ಪದಕ ಹಾಕಿ ಕುದಿಸ್ದೆ ಕಣೋ." "ಅಯ್ಯೋ ಪಾಪಿ! ಅದೆಲ್ಲಿ ಬೆಳ್ಳಿನೋ? ನನಗೆ ಕೊಟ್ಟಿದ್ದನ್ನ ಆಗಲೇ ಅಕ್ಕಸಾಲಿಗೆ ತೋರಿಸಿದ್ದೆ. ಮಗು ಕೈಗೆ ಆಡೋಕೆ ಕೊಡಿ ಅಂತ ನಕ್ಕುಬಿಟ್ಟ!" ಕ್ಲಾರಿನೆಟ್ಟಿನವರ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು. ಬಾಯಲ್ಲಿದ್ದದ್ದನ್ನು ನುಂಗಬೇಕೋ ಉಗುಳಬೇಕೋ ತಿಳಿಯದೆ ತಾಳದವರು ಬೆವರಿದರು. ನಿಜ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಾವ ಒಂದಿಷ್ಟೂ ಅಲುಗಲಿಲ್ಲ. ತಣ್ಣಗೆ ಇನ್ನೊಂದು ಸೌಟು ಬಡಿಸಿಕೊಂಡು, "ಸುಮ್ನೆ ತಿನ್ರೋ ಹೇಡಿಗಳಾ. ಮೊದಲು ನಾನು ತಿಂತಿಲ್ವಾ?" ಎಂದು ಚಪ್ಪರಿಸಿದರು. ಎಂಥ ಹಟಮಾರಿ ಎಂದುಕೊಂಡೆ. ಅವರು ತಿಂದದ್ದು ನೋಡಿ ಇವರೂ ತಿಂದರು. ಊಟವಾದ ಮೇಲೆ ಕ್ಲಾರಿನೆಟ್ಟು ಹೊರಬಂತು. ತಾಳಕ್ಕೆ ನಮ್ಮ ಎರಡು ಮುಚ್ಚಳ, ಡ್ರಮ್ಮಿಗೆ ಖಾಲಿಯಾದ ಅಣಬೆ ಪಾತ್ರೆ. ಗಿಡದ ಮೇಡಂ ಕಾಂಪೌಂಡಿನ ಆಚೆಯಿಂದ ಇಣುಕಿ, ಮೂವರೂ ಬದುಕಿದ್ದಾರೆಂದು ಖಾತ್ರಿ ಮಾಡಿಕೊಂಡು, ಅಲ್ಲೇ ನಿಂತು ತಲೆದೂಗಿದರು. ಆ ದಿನದಿಂದ ಮಾವನ ತಟ್ಟೆಯಲ್ಲಿ ಒಂದಗುಳೂ ಉಳಿಯುತ್ತಿಲ್ಲ.

ದೊಡ್ಡಮ್ಮನ ಪಾದಕ್ಕೆ ನಮ್ಮೆಲ್ಲರ ನಮಸ್ಕಾರ ಮುಟ್ಟಿಸಿ, ನೋವಿಲ್ಲದ ಕಾಲಿಗೇ ಮುಟ್ಟಿಸಿ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ, ಒಂದು ಪಾಲು ಹೆಚ್ಚಾಗಿ ನಿಮ್ಮ ಯಜಮಾನರ ಮೇಲಿರಲಿ.

ನಿಮ್ಮ ಪ್ರೀತಿಯ
ಸೊಸೆ

ತಾ.ಕ.: ಕವರು ಅಂಟಿಸಲು ಹೋದಾಗ ಕಸದ ಗಾಡಿಯವಳು ಬಂದಳು. "ಅಕ್ಕಾ, ಸೋಮವಾರ ಬೆಳಿಗ್ಗೆ ನಿಮ್ಮನೆ ಅಜ್ಜ ಒಂದು ಚೀಲ ಅಣಬೆ ಕೊಟ್ರು. ಯಾರಿಗೂ ಕೊಡಬೇಡ, ದನಕ್ಕೂ ಹಾಕಬೇಡ, ವಿಷ ಇರಬಹುದು ಅಂತ ಮೂರು ಸಲ ಹೇಳಿದ್ರು. ಅಂಥದ್ದನ್ನ ಮನೆಗ್ಯಾಕೆ ತಂದ್ರಿ?" ಎಂದಳು. ನಾನು ಗುಂಡಿಗೆ ಸುರಿದದ್ದು ಏನು ಹಾಗಾದರೆ? ವಾಕಿಂಗ್ ನೆಪದಲ್ಲಿ ಮಾವ ತಂದಿದ್ದ ಅಂಗಡಿಯ ಚಿಪ್ಪಣಬೆ! ಅಳಿಯ ಅಲ್ಲ, ಮಗಳ ಗಂಡ ಎಂಬಂತೆ ಅಂಗಡಿಯದ್ದನ್ನು ತೆಗೆದು ಅಂಗಡಿಯದ್ದನ್ನೇ ಹಾಕಿದ್ದೇನೆ. ಹೋಗಿ ಕೇಳಿದೆ. ಮೊದಲು ಪೇಪರಿನ ಹಿಂದೆ ಅಡಗಿದರು. ಆಮೇಲೆ ಮೆಲ್ಲಗೆ, "ಪದಕ ಏನೋ ಕಪ್ಪಾಗಲಿಲ್ಲ ಮಗಳೇ. ಆದ್ರೆ ಕಣ್ಣು ಮುಚ್ಚಿದ್ರೆ ಸಾಕು, ನೀನು ಸೌಟಿಂದ ಅಂಗೈಗೆ ಹಾಕ್ಕೊಂಡು ಉಪ್ಪು ನೋಡೋದೇ ಕಾಣ್ತಿತ್ತು. ಈ ಮನೇಲಿ ಯಾವುದೇ ಅಡುಗೆ ಆಗಲಿ, ಮೊದಲು ಬೀಳೋದು ನಿನ್ನ ಬಾಯಿಗೇ ಅಲ್ವಾ?" ಎಂದರು. ನಿಮಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ. ಆದ್ದರಿಂದ ನಿಮಗೇನೂ ಗೊತ್ತಿಲ್ಲ. ಹಿತ್ತಲಲ್ಲಿ ಇವತ್ತು ಮತ್ತೆ ನಾಲ್ಕು ಕೊಡೆ ಎದ್ದಿವೆ. ಮಾವನೇ ನಿಮ್ಮ ಪೊರಕೆ ಹಿಡಿದು ಹೋಗಿದ್ದಾರೆ. ಗುಡಿಸುವ ಸದ್ದು ಇಲ್ಲಿಯವರೆಗೂ ಕೇಳುತ್ತಿದೆ ಅತ್ತೆ, ಒಂದು ಏಟೂ ತಾಳ ತಪ್ಪುತ್ತಿಲ್ಲ.