ಜ್ಯೂರಿಕ್ ಯಾಕೆ ಅಂತ ಕೇಳಿದ್ದೆ

ಡುಲೂತ್, ಮಿನೆಸೋಟ
ಮಾರ್ಚ್ 24

ಪ್ರೀತಿಯ ವೆರ್ನಾ,

ನೀನು ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ಟ್ಯೂಸಾನಿನ ಬಿಸಿಲಿಗೆ ನಿನ್ನ ಸೊಂಟದ ನೋವು ಸ್ವಲ್ಪವಾದರೂ ಇಳಿದಿರಬೇಕು. ನೀನು ಕಳಿಸಿದ ಕಿತ್ತಳೆ ಹಣ್ಣಿನ ಪೆಟ್ಟಿಗೆ ಬಂದು ಬಹಳ ದಿನವಾಯಿತು. ಬಂತು ಅಂತ ತಿಳಿಸಲಿಲ್ಲ, ಚೆನ್ನಾಗಿತ್ತು ಅನ್ನಲಿಲ್ಲ, ನೀನು ಫೋನ್ ಮಾಡಿದಾಗಲೆಲ್ಲ ಎತ್ತಲೂ ಇಲ್ಲ. ಸಿಟ್ಟಾಗಬೇಡ. ಫೋನ್ ಹೊಡೆದುಕೊಳ್ಳುತ್ತಿದ್ದದ್ದು ಕೇಳಿಸುತ್ತಿತ್ತು. ಎತ್ತಿದರೆ ನಿನ್ನ ದನಿ ಕೇಳಿ ನನಗೆ ಅಳು ಬಂದುಬಿಡುತ್ತದೆ, ಪಕ್ಕದ ಕೋಣೆಯಲ್ಲಿರುವ ಆರ್ವಿಡ್‌ಗೆ ಕೇಳಿಸುತ್ತದೆ ಅಂತ ಸುಮ್ಮನೆ ಕೂತುಬಿಡುತ್ತಿದ್ದೆ. ಅದಕ್ಕೇ ಈ ಕಾಗದ. ನಾವಿಬ್ಬರು ಒಬ್ಬರಿಗೊಬ್ಬರು ಕಾಗದ ಬರೆದು ಎಷ್ಟು ವರ್ಷವಾಯಿತೋ! ಅಕ್ಷರ ಸೊಟ್ಟಗಿದ್ದರೆ ನಗು, ಪರವಾಗಿಲ್ಲ.

ಇಲ್ಲಿ ಇನ್ನೂ ಹಿಮ ಕರಗಿಲ್ಲ. ಬಂದರಿನಲ್ಲಿ ನೀರ್ಗಲ್ಲು ಒಡೆಯುವ ಹಡಗು ಓಡಾಡುತ್ತಿದೆ, ಇಷ್ಟರಲ್ಲೇ ಈ ವರ್ಷದ ಮೊದಲ ಅದಿರು ಹಡಗು ಹೊರಡಬಹುದು. ಆರ್ವಿಡ್ ಅಡುಗೆಮನೆ ಕಿಟಕಿಯ ಹತ್ತಿರ ದುರ್ಬೀನು ಹಿಡಿದು ಕೂರುತ್ತಾನೆ. ಹಿಡಿದು ಅಂದೆ, ಹಿಡಿಯಲು ಕೈಯಲ್ಲಿ ಬಲವಿಲ್ಲ. ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ದುರ್ಬೀನಿಟ್ಟು ಕೊಡುತ್ತೇನೆ. ಶರತ್ಕಾಲದಲ್ಲಿ ಡಾಕ್ಟರು ಆ ಹಾಳು ನರದ ಕಾಯಿಲೆಯ ಹೆಸರು ಹೇಳಿದಾಗ ಬಲಗೈ ಒಂದೇ ಸೋತಿತ್ತು. ಈಗ ಎಡಗೈಯೂ ಅದೇ ದಾರಿ ಹಿಡಿದಿದೆ. ಕಾಲು ಇನ್ನೂ ಗಟ್ಟಿಯಾಗಿದೆ. ಆ ಕಾಲುಗಳನ್ನು ನಂಬಿಯೇ ನಾವು ಪ್ರವಾಸದ ಮಾತೆತ್ತಿದ್ದು.

ಮದುವೆಯಾಗಿ ಮೂವತ್ತೈದು ವರ್ಷ ತುಂಬುವ ಮೇ ತಿಂಗಳಲ್ಲಿ ಹೊರದೇಶದ ಯಾವುದಾದರೂ ಊರಿಗೆ ಇಬ್ಬರೇ ಹೋಗಿಬರೋಣ ಎಂದವನು ಅವನೇ. ಮಕ್ಕಳಿಲ್ಲದ ಮನೆ, ಯಾರನ್ನು ಕೇಳಬೇಕು? ನಾನು ಕುಣಿದುಬಿಟ್ಟೆ. ಇಡೀ ಚಳಿಗಾಲ ನಮಗೆ ಅದೇ ಕೆಲಸವಾಯಿತು. ಊಟವಾದ ಮೇಲೆ ಮೇಜಿನ ಮೇಲೆ ನಕ್ಷೆ, ಬಣ್ಣದ ಪುಸ್ತಕ, ಪಕ್ಕದಲ್ಲಿ ಕಾಫಿ. ನನಗೆ ಲಿಸ್ಬನ್ ಬೇಕಿತ್ತು. ಗೋಡೆಗೆಲ್ಲ ನೀಲಿ ಟೈಲ್ಸ್ ಹಚ್ಚಿದ ಮನೆಗಳು, ಓಣಿಗಳಲ್ಲಿ ಉಸಿರುಕಟ್ಟಿ ಏರುವ ಹಳದಿ ಟ್ರಾಮು, ಬೀದಿಯಲ್ಲೇ ಕೆಂಡದ ಮೇಲೆ ಸುಡುವ ಮೀನು. ವೆನಿಸ್ ಆದರೂ ಸರಿ ಎಂದೆ. ಅದಕ್ಕೆ ಅವನು, "ಜೀವಮಾನವೆಲ್ಲ ನೀರಲ್ಲೇ ಕಳ್ದಿದೀನಿ ಮಾರಾಯ್ತಿ, ರಜಕ್ಕೂ ನೀರಿಗೇ ಹೋಗ್ಬೇಕಾ?" ಎಂದ. ಹಾಗಾದರೆ ನೀನೇ ಹೇಳು ಎಂದರೆ, "ಜ್ಯೂರಿಕ್."

"ಜ್ಯೂರಿಕ್ಕಾ? ಯಾಕೋ? ಅಲ್ಲೇನಿದೆ? ಬ್ಯಾಂಕು, ಗಡಿಯಾರ!"

"ಚಂದದ ಸರೋವರ ಇದೆ."

"ಸರೋವರನಾ? ಕಿಟಕಿ ಆಚೆ ಸ್ವಲ್ಪ ಕತ್ತೆತ್ತಿ ನೋಡು. ದಡ ಕಾಣದಷ್ಟು ದೊಡ್ಡದು ಬಿದ್ಕೊಂಡಿದೆ. ಅದರ ಮೇಲೆ ಚುಕ್ಕಾಣಿ ಹಿಡಿದು ಮುದುಕನಾದೋನು ಸ್ವಿಸ್ಸರ ಬಾನಿ ನೋಡೋಕೆ ಹೋಗ್ತಾನಂತೆ!"

ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹೀಗೆ ದಿನವೂ ಒಂದು ಸುತ್ತು ಜಗಳ ನಡೆಯುತ್ತಿತ್ತು, ಫೋನಿನಲ್ಲಿ ನಿನಗೂ ಅಷ್ಟಿಷ್ಟು ಹೇಳಿದ್ದೆನಲ್ಲ. ಅವನ ಕಾಯಿಲೆ ತಿಳಿದ ಮೇಲೆ ಈ ಮನೆಯಲ್ಲಿ ನಗು ಇದ್ದದ್ದೇ ಆ ದಿನಗಳಲ್ಲಿ. ಕೊನೆಗೆ ನಾನೇ ಸೋತೆ. ಅಷ್ಟು ಆಸೆಪಡುತ್ತಿದ್ದಾನೆ, ಇನ್ನೆಷ್ಟು ಸಲ ಏನನ್ನಾದರೂ ಕೇಳಿಯಾನು ಎಂದುಕೊಂಡೆ. ಕಾನಿಗೆ ಹೇಳಿ ಟಿಕೆಟ್ ಮಾಡಿಸಿದ. ಕಾನಿ ನಿನಗೆ ಗೊತ್ತಿಲ್ಲ, ನಮ್ಮ ಚರ್ಚಿನವಳೇ, ಸುಪೀರಿಯರ್ ಬೀದಿಯಲ್ಲಿ ಪ್ರವಾಸದ ಏಜೆನ್ಸಿ ನಡೆಸುತ್ತಾಳೆ.

ಎಲ್ಲ ಹಾಳಾದದ್ದು ಅವಳ ಬಾಯಿಂದಲೇ. ಈಸ್ಟರಿಗೆ ಮುಂಚಿನ ಬುಧವಾರಗಳಲ್ಲಿ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಸೂಪಿನ ಊಟ ಇರುತ್ತದಲ್ಲ, ಅಲ್ಲಿ ಸೌಟು ಹಿಡಿದು ಬಡಿಸುತ್ತಿದ್ದೆ. ಕಾನಿ ಬಟ್ಟಲು ಚಾಚಿ ಹೇಳಿದಳು: "ಎಲ್ನಾ, ಒಳ್ಳೇದಾಯ್ತು ನೀವು ಸಿಕ್ಕಿದ್ದು. ಆರ್ವಿಡ್‌ಗೂ ವಾಪಸ್ ಬರೋ ಸೀಟು ಈಗಲೇ ಹಾಕ್ಬಿಡ್ಲಾ? ಆಮೇಲೆ ರೇಟು ಸಿಕ್ಕಾಪಟ್ಟೆ ಏರತ್ತೆ."

"ಹಾಕಿಲ್ವಾ?"

"ನಿಮ್ಮದು ಹಾಕಿದೀನಿ. ಅವರೇ ತಮ್ಮದು ಬೇಡ ಅಂದ್ರು. ಹಡಗಿನ ಕಾಲದ ಗೆಳೆಯರ ಮನೇಲಿ ಒಂದಷ್ಟು ದಿನ ಉಳೀತೀನಿ, ಯಾವತ್ತು ಬರ್ತೀನೋ ಗೊತ್ತಿಲ್ಲ ಅಂದ್ರು." ಅವಳು ನನ್ನ ಮುಖ ನೋಡಿದಳು. "ನಿಮಗೆ ಹೇಳಿಲ್ವಾ?"

"ಹೇಳಿದ್ದ. ನನಗೇ ಮರೆತುಹೋಗಿತ್ತು," ಎಂದೆ. ಸೂಪು ಅವಳ ಬೆರಳ ಮೇಲೆ ಚೆಲ್ಲಿತು.

ಏಪ್ರನ್ ಬಿಚ್ಚಿಟ್ಟು ಹೊರಟುಬಿಟ್ಟೆ. ನಗಬೇಡ ವೆರ್ನಾ, ಮೊದಲು ನನ್ನ ತಲೆಗೆ ಬಂದದ್ದು ಯಾವಳೋ ಹೆಂಗಸು! ಶರ್ಟಿನ ಗುಂಡಿ ಹಾಕಿಕೊಳ್ಳಲಾಗದವನಿಗೆ ಜ್ಯೂರಿಕ್‌ನಲ್ಲೊಬ್ಬಳು. ಹಾಗೇ ಆಗಿದ್ದರೆ ಎಷ್ಟು ಸುಲಭವಿತ್ತು, ನಾಲ್ಕು ಬೈದು ಮುಗಿಸುತ್ತಿದ್ದೆ. ಆದರೆ ಕೆಂಪು ದೀಪಕ್ಕೆ ಕಾರು ನಿಂತಾಗ ಇನ್ನೊಂದು ಮಾತು ನೆನಪಿಗೆ ಬಂತು. ಆಸ್ಪತ್ರೆಯಲ್ಲಿ ನಮ್ಮಂತೆಯೇ ಕಾಯುತ್ತಿದ್ದ ಒಬ್ಬಾಕೆ ಹೇಳಿದ್ದಳು: ಈ ಕಾಯಿಲೆಯವರು ಕೆಲವರು ಸ್ವಿಟ್ಜರ್ಲೆಂಡಿಗೆ ಹೋಗುತ್ತಾರೆ, ಸಾಯಲು ಸಹಾಯ ಮಾಡುವುದು ಅಲ್ಲಿ ಅಪರಾಧವಲ್ಲ, ಹೊರಗಿನವರನ್ನೂ ಸೇರಿಸಿಕೊಳ್ಳುತ್ತಾರೆ. ಅವಳು ಹೇಳುವಾಗ ಆರ್ವಿಡ್ ನನ್ನ ಪಕ್ಕದಲ್ಲೇ ಪತ್ರಿಕೆ ಓದುತ್ತ ಕೂತಿದ್ದ. ಓದುತ್ತಿದ್ದಾನೆ ಅಂದುಕೊಂಡಿದ್ದೆ. ಹಿಂದಿನ ಕಾರುಗಳು ಹಾರನ್ ಹೊಡೆದವು. ಹಸಿರು ದೀಪ ಬಂದದ್ದು ನನಗೆ ಕಂಡಿರಲಿಲ್ಲ.

ಮನೆಗೆ ಬಂದರೆ ಅವನು ಕೆಳಗೆ ಸೌನಾದಲ್ಲಿದ್ದ. ಕೋಟು, ಟೋಪಿ, ಹಿಮ ಮೆತ್ತಿದ ಬೂಟುಗಳ ಸಮೇತ ಆ ಬಿಸಿ ಕೋಣೆಯೊಳಕ್ಕೆ ಹೋದೆ. ಮೈಮೇಲೆ ಟವೆಲ್ ಹಾಕಿಕೊಂಡು ಹಲಗೆಯ ಮೇಲೆ ಕೂತಿದ್ದ ಮನುಷ್ಯ ನನ್ನ ಅವತಾರ ನೋಡಿ ನಕ್ಕ.

"ಏನೇ ಇದು? ಬಾಗಿಲು ಹಾಕು, ಕಾವೆಲ್ಲ ಹೋಗತ್ತೆ."

"ನಿನ್ನ ವಾಪಸ್ ಟಿಕೆಟ್ ಎಲ್ಲಿ?"

ಅವನು ಕಾದ ಕಲ್ಲಿನ ಮೇಲೆ ನೀರು ಹಾಕಿ ಹಬೆ ಎಬ್ಬಿಸುವವನಂತೆ ಮರದ ಸೌಟಿಗೆ ಕೈಚಾಚಿದ. ಅದು ಜಾರಿ ನೆಲಕ್ಕೆ ಬಿತ್ತು. ನಾನು ಎತ್ತಿಕೊಡಲಿಲ್ಲ.

"ಕಾನಿ ಹೇಳಿದ್ಳಾ?"

"ಅವಳು ಹೇಳ್ದೇ ಇದ್ದಿದ್ರೆ ನೀನು ಯಾವಾಗ ಹೇಳ್ತಿದ್ದೆ?"

"ಅಲ್ಲೇ. ನಮ್ಮ ವಾರ್ಷಿಕೋತ್ಸವದ ಊಟ ಆದ ಮೇಲೆ. ಮಾರನೇ ದಿನಕ್ಕೆ ಗೊತ್ತು ಮಾಡಿದಾರೆ."

"ಊಟ ಆದ ಮೇಲೆ! ಕೇಕು ತಿನ್ನಿಸಿ ಹೇಳ್ತಿದ್ದೆ!"

"ಆಗ ನಿನಗೆ ವಾದ ಮಾಡೋಕೆ ಟೈಮ್ ಇರ್ತಿರ್ಲಿಲ್ಲ," ಎಂದ. ತಲೆ ತಗ್ಗಿಸಿಯೇ ಹೇಳಿದ, ಆದರೆ ಹೇಳಿದ. "ಈಗಲೇ ಹೇಳಿದ್ರೆ ನೀನು ದಿನಾ ನನ್ನ ಮುಖ ನೋಡ್ಕೊಂಡು ಅಳ್ತಾ ಕೂರ್ತಿದ್ದೆ. ಉಸಿರಾಡೋಕೂ ಮಿಷನ್ ಬೇಕಾಗೋ ಹೊತ್ತಿಗೆ ನಾನು ಇರಬಾರದು ಎಲ್ನಾ. ಅಲ್ಲಿ ತನಕ ನೀನು ನಗ್ತಾ ಇರೋದನ್ನ ನೋಡ್ಬೇಕು ಅನ್ನಿಸ್ತು. ಇಷ್ಟೇ."

"ಹಂಗಾದ್ರೆ ಆ ಜಗಳ ಎಲ್ಲ ನಾಟಕನಾ? ವೆನಿಸ್ ಬೇಡ, ನೀರು ಅಂದಿದ್ದು?"

"ಜಗಳ ನಿಜ. ನೀನು ಬಾನಿ ಅಂದಾಗ ನಕ್ಕಿದ್ದೂ ನಿಜ."

ನನಗೆ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಕೋಟು ತೆಗೆಯಬೇಕು ಅಂತಲೂ ಹೊಳೆಯಲಿಲ್ಲ. "ನೀನು ಕೇಳಿದ್ದಿದ್ರೆ ಬೇಡ ಅಂತಿದ್ದೆ. ಕೂಗಾಡ್ತಿದ್ದೆ, ತಟ್ಟೆ ಒಡೀತಿದ್ದೆ. ಆಮೇಲೆ ಯಾವತ್ತೋ ಒಂದಿನ ನಿನ್ನ ಬಟ್ಟೆ ನಾನೇ ಮಡಚಿ ಪೆಟ್ಟಿಗೆಗೆ ತುಂಬ್ತಿದ್ನೋ ಏನೋ. ನೀನು ಕೇಳಲೇ ಇಲ್ವಲ್ಲೋ," ಎಂದೆ. ಅವನು ಅತ್ತ. ತನ್ನ ಕಣ್ಣು ತಾನೇ ಒರೆಸಿಕೊಳ್ಳಲು ಅವನಿಗೆ ಈಗ ಆಗುವುದಿಲ್ಲ. ನಾನು ಒರೆಸದೆ ಮೇಲೆ ಬಂದುಬಿಟ್ಟೆ. ಕಲ್ಲು ಮನಸ್ಸಿನವಳು ಅನ್ನುತ್ತೀಯೇನೋ, ಅನ್ನು.

ಆಮೇಲಿನ ದಿನಗಳನ್ನು ಹೇಗೆ ವರ್ಣಿಸಲಿ? ಅವನಿಗೆ ಉಣ್ಣಿಸುತ್ತಿದ್ದೆ, ಸ್ನಾನ ಮಾಡಿಸುತ್ತಿದ್ದೆ, ಗುಂಡಿ ಹಾಕುತ್ತಿದ್ದೆ, ಮಾತಾಡುತ್ತಿರಲಿಲ್ಲ. ಎರಡು ಮುಖಗಳು ಅಷ್ಟು ಹತ್ತಿರ ಇದ್ದು ಮಾತಾಡದಿರುವುದು ಬಹಳ ಕಷ್ಟ ವೆರ್ನಾ. ಸಾಯುತ್ತಾನೆಂಬ ದುಃಖ ಶರತ್ಕಾಲದಿಂದಲೂ ಇತ್ತು, ಅದರ ಜೊತೆ ಬಾಳಲು ಕಲಿಯುತ್ತಿದ್ದೆ. ಇದು ಬೇರೆ. ನನ್ನನ್ನು ಕೈಹಿಡಿದು ಪ್ರೀತಿಯಿಂದ ಒಂದು ಊರಿಗೆ ಕರೆದೊಯ್ದು, ಅಲ್ಲಿ ಬಿಟ್ಟುಬಿಡುವ ಏರ್ಪಾಡು ಮಾಡಿದ್ದ. ನಾನು ಆ ಊರಿನಲ್ಲಿ ಯಾವ ಹೋಟೆಲು, ಯಾವ ಕಿಟಕಿ, ಯಾವ ಸಿಹಿ ತಿನಿಸು ಅಂತ ಆರಿಸುತ್ತಿದ್ದೆ. ಈಗ ಈ ಚಳಿಗಾಲವನ್ನು ನೆನೆದರೆ ನನ್ನ ನಗುವೇ ನನಗೆ ಅಸಹ್ಯವೆನಿಸುತ್ತದೆ.

ಕಳೆದ ಭಾನುವಾರ ಕಾಲುಚೀಲ ಹಾಕುತ್ತಿದ್ದೆ. ಅವನೇ ಬಾಯಿಬಿಟ್ಟ. "ಆ ದಿನ ಬೇಡ ಅಂತ ಜ್ಯೂರಿಕ್‌ನವರಿಗೆ ಹೇಳಿದೀನಿ. ನಿನಗೆಲ್ಲಿಗೆ ಬೇಕೋ ಅಲ್ಲಿಗೇ ಹೋಗೋಣ."

"ಲಿಸ್ಬನ್," ಎಂದೆ, ತಲೆ ಎತ್ತದೆ.

"ಅಲ್ಲಿ ಬರೀ ಏರು ಇಳಿಜಾರಂತೆ."

"ಡುಲೂತ್ ಏನು ಸಪಾಟಾಗಿದ್ಯಾ? ಆ ಕಾಲು ಕೊಡು."

ಇಬ್ಬರಿಗೂ ನಗು ಬಂತು, ಅರ್ಧದಲ್ಲೇ ನಿಂತಿತು. ಆಮೇಲೆ ಅವನು ಮೆತ್ತಗೆ ಹೇಳಿದ: ಆ ದಿನ ಬಿಟ್ಟಿದ್ದೇನೆ, ಆ ಯೋಚನೆ ಬಿಟ್ಟಿಲ್ಲ. ಸುಳ್ಳು ಹೇಳಲಿಲ್ಲವಲ್ಲ ಅಂತ ನನಗೆ ಒಂದು ಬಗೆಯ ಸಮಾಧಾನ. "ಮುಂದಿನ ಸಲ ನನ್ನನ್ನ ಕೇಳು. ನಾನು ಬೇಡ ಅಂತೀನಿ. ಮತ್ತೆ ಕೇಳು," ಎಂದೆ. ಆಗಲಿ ಎಂದ. ಸೋಮವಾರ ಕಾನಿಯ ಮುಂದೆ ಕೂತು ನಾನೇ ಲಿಸ್ಬನ್ನಿಗೆ ಟಿಕೆಟ್ ಮಾಡಿಸಿದೆ. ಹೋಗಲು ಇಬ್ಬರಿಗೆ, ಬರಲು ಇಬ್ಬರಿಗೆ. ಅವಳು ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು.

ಅವನನ್ನು ಕ್ಷಮಿಸಿದ್ದೇನೆಯೇ? ಗೊತ್ತಿಲ್ಲ. ಅವನು ಮಲಗಿರುವಾಗ ಕ್ಷಮಿಸುತ್ತೇನೆ, ಎದ್ದು ಮಾತಾಡಿದರೆ ಮತ್ತೆ ಉರಿಯುತ್ತದೆ. ಹೇಳಿಕೊಳ್ಳಲು ಒಬ್ಬಳಾದರೂ ಇದ್ದೀಯಲ್ಲ. ಮೂರನೆಯ ಕ್ಲಾಸಿನಲ್ಲಿ ಒಂದೇ ಬೆಂಚಿನಲ್ಲಿ ಕೂತಂದಿನಿಂದ ನಿನಗೆ ಹೇಳದ್ದು ನನ್ನ ಹತ್ತಿರ ಏನೂ ಇಲ್ಲ. ಬರೆದು ಎದೆ ಹಗುರವಾಯಿತು. ನಾಳೆ ನೀನು ಫೋನ್ ಮಾಡಿದರೆ ಖಂಡಿತ ಎತ್ತುತ್ತೇನೆ.

ನಿನ್ನ ಮೊಮ್ಮಗಳು ಕಾಲೇಜು ಸೇರುತ್ತಾಳಂತೆ, ದೇವರು ಅವಳನ್ನು ಚೆನ್ನಾಗಿಟ್ಟಿರಲಿ. ನಿನ್ನ ಸೊಂಟವನ್ನೂ ನಿನ್ನನ್ನೂ ಕಾಪಾಡಲಿ. ಕಿತ್ತಳೆ ಬಹಳ ಸಿಹಿಯಾಗಿದ್ದವು.

ಎಂದೆಂದಿಗೂ ನಿನ್ನ,
ಎಲ್ನಾ

ತಾ. ಕ. ಮೇಲಿನದನ್ನು ನಿನ್ನೆ ಬರೆದು ಮಡಿಸಿಟ್ಟಿದ್ದೆ. ಬೆಳಿಗ್ಗೆ ಸ್ಟ್ಯಾಂಪು ಹಚ್ಚುವಾಗ ಆರ್ವಿಡ್ "ಯಾರಿಗೆ?" ಎಂದ. "ವೆರ್ನಾಗೆ. ಎಲ್ಲ ಬರೆದಿದೀನಿ," ಎಂದೆ. ಅವನು ಕಿಟಕಿಯ ಕಡೆ ಮುಖ ತಿರುಗಿಸಿ, "ಅವಳಿಗೆ ಗೊತ್ತು," ಎಂದ.

ನಿನಗೆ ಜನವರಿಯಿಂದಲೇ ಗೊತ್ತಿತ್ತಂತೆ. ಜ್ಯೂರಿಕ್‌ನ ಅದೇ ಹೋಟೆಲಿನಲ್ಲಿ ನಿನಗೂ ಕೋಣೆ ಹಿಡಿದಿದ್ದನಂತೆ. ಎಲ್ಲ ಮುಗಿದ ಮೇಲೆ ನನ್ನನ್ನು ಮನೆಗೆ ಕರೆತರುವುದು ನಿನ್ನ ಕೆಲಸ. "ಅವಳ ಮೇಲೆ ಸಿಟ್ಟಾಗ್ಬೇಡ, ಆ ಊರಲ್ಲಿ ನಿನ್ನ ಒಬ್ಬಳನ್ನೇ ಹೆಂಗೆ ಬಿಡೋದು? ನಾನೇ ಆಣೆ ಹಾಕಿಸ್ಕೊಂಡಿದ್ದೆ," ಎನ್ನುತ್ತಾನೆ. ನಾನು ಫೋನಿನಲ್ಲಿ ಜ್ಯೂರಿಕ್ ಅಂತ ಗೊಣಗಿದಾಗ "ಅವನಿಷ್ಟದ ಊರಿಗೇ ಹೋಗೇ, ಹಠ ಮಾಡ್ಬೇಡ" ಅಂದಿದ್ದು ಇದಕ್ಕೇ. ಈಚೆಗೆ ಅಷ್ಟೊಂದು ಸಲ ಫೋನ್ ಮಾಡುತ್ತಿದ್ದದ್ದೂ ನನಗೆ ತಿಳಿದುಹೋಯಿತೇ ಎಂದು ನೋಡಲು ಅಂತ ಈಗ ಅನ್ನಿಸುತ್ತಿದೆ. ಹಾಗಲ್ಲದಿದ್ದರೆ ಅಲ್ಲ ಎನ್ನು.

ಅವನು ಸಾವಿಗೆ ಹೆದರಿದವನು, ಇವತ್ತಲ್ಲ ನಾಳೆ ಕ್ಷಮಿಸುತ್ತೇನೆ. ನೀನು ಯಾವುದಕ್ಕೆ ಹೆದರಿದೆ? ಫೆಬ್ರವರಿಯಲ್ಲಿ ನಮ್ಮ ವಾರ್ಷಿಕೋತ್ಸವದ ಆ ರಾತ್ರಿಯ ಊಟಕ್ಕೆಂದು ನಾನು ಹೊಸ ಉಡುಪು ಕೊಳ್ಳಲು ಹೋದಾಗ ಅಂಗಡಿಯಿಂದಲೇ ನಿನಗೆ ಎರಡು ಫೋಟೋ ಕಳಿಸಿದ್ದೆ. ನೀನು, "ನೀಲಿ ಬೇಡ ಕಣೇ, ಹಸಿರು ತಗೋ, ಅದರಲ್ಲಿ ನಿನ್ನನ್ನ ನೋಡಿದ್ರೆ ಅವನು ಮರೆಯೋದೇ ಇಲ್ಲ" ಅಂದೆ. ನಾನು ಹಸಿರನ್ನೇ ತೆಗೆದುಕೊಂಡೆ.