ಹುಸೇನಬಿಯ ಅಮ್ಮನ ಪದ

ಫಾತೋರ್ಡಾ, ಮಡಗಾಂವ್
ಗುರುವಾರ, ೨೪ ಜುಲೈ ೨೦೨೫

ಪ್ರೀತಿಯ ಹುಸೇನಬಿಗೆ,

ಇಲ್ಲಿ ಎಲ್ಲರೂ ಕ್ಷೇಮ, ನನ್ನೊಬ್ಬಳನ್ನು ಬಿಟ್ಟು. ಮೂರು ದಿನದಿಂದ ನನಗೆ ಊಟ ಸೇರುತ್ತಿಲ್ಲ. ಸೇರುತ್ತಿದೆ, ಆದರೆ ರುಚಿ ಹತ್ತುತ್ತಿಲ್ಲ. ಬಸ್ಸು ಹತ್ತಿದರೆ ಮುಕ್ಕಾಲು ತಾಸಿನಲ್ಲಿ ನಿನ್ನ ಕುಂಕಳ್ಳಿ; ಇಷ್ಟು ಹತ್ತಿರ ಇದ್ದುಕೊಂಡು ಇದೇನು ಪತ್ರ ಬರೆಯುವ ಸೋಗು ಎಂದು ನೀನು ನಗಬಹುದು. ಫೋನಿನಲ್ಲಿ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ. ವಾಟ್ಸಾಪಿನಲ್ಲಿ ಕಳಿಸಿದರೆ ಮೊದಲು ಓದುವವಳು ನಿನ್ನ ಮಗಳು ಸಿಮ್ರನ. ಎದುರಿಗೆ ಬಂದು ಹೇಳುವಷ್ಟು ಧೈರ್ಯ ನನಗಿಲ್ಲ. ಅದಕ್ಕೇ ನಿನ್ನ ಯಜಮಾನರ ಟೆಂಪೋದಲ್ಲಿ ಈ ಲಕೋಟೆ ಕಳಿಸುತ್ತಿದ್ದೇನೆ. ಜಹಾಂಗೀರಣ್ಣನಿಗೆ ಕನ್ನಡ ಓದಲು ಬರುವುದಿಲ್ಲವೆಂಬುದು ಈ ವಿಷಯದಲ್ಲಿ ನನ್ನ ಪುಣ್ಯ.

ನಿನ್ನ ಪದ ಬರೆದುಕೊಂಡು ಹೋದ ಧಾರವಾಡದ ಸಂಶೋಧಕ ಮಾಂತೇಶ ಸೋಮವಾರ ನನ್ನ ಬಳೆ ಅಂಗಡಿಗೆ ಬಂದಿದ್ದ. ಗೋವಾದ ಕನ್ನಡ ಹೆಂಗಸರ ಹಾಡುಗಳ ಪುಸ್ತಕ ಭಾನುವಾರ ಮಡಗಾಂವಿನ ಪಂಚಮಿ ಕಾರ್ಯಕ್ರಮದಲ್ಲಿ ಬಿಡುಗಡೆಯಾಗುತ್ತದಂತೆ. ಅದರ ಮೊದಲ ಹಾಳೆಯನ್ನೇ ತೋರಿಸಿದ. ನಿನ್ನ ಫೋಟೋ, ಹಸಿರು ಸೀರೆಯದು, ಚಲೋ ಬಂದಿದೆ. ಅದರ ಕೆಳಗೆ, "ತಾಯಿ ಖಾಜಾಬಿ ಮಗಳು ಹುಸೇನಬಿಗೆ ಹಾಡುತ್ತಿದ್ದ ಪದ" ಎಂದು ದಪ್ಪ ಅಕ್ಷರದಲ್ಲಿ. "ಈ ಪದಾ ನಿಮ್ಮ ಕಡೆಯಿಂದನ ಅವರಿಗೆ ಬಂತಂತಲ್ರಿ ಅಕ್ಕಾರ, ಸಾಕ್ಷಿ ಅಂತ ಇಲ್ಲೊಂದು ಸಹಿ ಹಾಕ್ರಿ" ಎಂದ. ಪೆನ್ನಿಲ್ಲ ಎಂದೆ, ತನ್ನದು ಕೊಟ್ಟ. ಕನ್ನಡಕ ಮನೆಯಲ್ಲಿದೆ ಎಂದೆ, ಅದು ನನ್ನ ಮೂಗಿನ ಮೇಲೆಯೇ ಇತ್ತು. ಪಾಪ, ದೊಡ್ಡವರ ಮನೆಯ ಸಂಸ್ಕಾರದವನು, ಶನಿವಾರ ಬರುತ್ತೇನೆಂದು ಹೋದ.

ಈಗ ವಿಷಯಕ್ಕೆ ಬರುತ್ತೇನೆ. ನಿನಗೆ ಎರಡು ವರ್ಷವಿದ್ದಾಗ ನಿನ್ನ ಅಮ್ಮ ತೀರಿಕೊಂಡರು. ಆಕೆ ಹಾಡುತ್ತಿದ್ದ ಪದ ನನಗೆ ನೆನಪಿದೆ ಎಂದು ಹೇಳಿ, ನಿನಗೆ ಏಳು ವರ್ಷವಾದಾಗ ನಾನು ಅದನ್ನು ಕಲಿಸಿದೆ. ನೀನು ನಲವತ್ತು ವರ್ಷದಿಂದ ಹಾಡುತ್ತಿದ್ದೀ. ಸಿಮ್ರನಳನ್ನು ಅದೇ ಪದ ಹಾಡಿ ಮಲಗಿಸಿದೆ. ಅದರಲ್ಲಿ ಮೂರನೆಯ ನುಡಿ ಇದೆಯಲ್ಲ,

ಅಂಗಳದ ಪ್ಯಾರಲ ಹಣ್ಣಾದ್ರ ಹರಿಬೇಕ
ಹಿರಿಯಾಕಿ ಗೆಳತೀಗೆ ಅರ್ಧಾನ ಕೊಡಬೇಕ
ಉಳದದ್ದ ತಿನಬೇಕ, ಮಗಳ ಜಾಣಿ

ಇದು ನಿನ್ನ ಅಮ್ಮನದಲ್ಲ. ನಾನು ಸೇರಿಸಿದ್ದು. ನಿಮ್ಮ ಅಂಗಳದಲ್ಲಿ ಪೇರಲ ಗಿಡವಿತ್ತು, ನಮ್ಮಲ್ಲಿ ಇರಲಿಲ್ಲ. ನೀನು ಎಷ್ಟು ಒಳ್ಳೆಯವಳೆಂದರೆ ಮೂರು ವರ್ಷ ಒಂದೊಂದು ಹಣ್ಣನ್ನೂ ಹಲ್ಲಿನಿಂದ ಅಳೆದು ಎರಡು ಮಾಡಿ, ದೊಡ್ಡ ಹೋಳು ನನಗೆ ಕೊಟ್ಟೆ. "ಅಮ್ಮಾ ಹೇಳ್ಯಾಳ" ಎನ್ನುತ್ತಿದ್ದೆ. ನಾನು ತಿನ್ನುತ್ತಿದ್ದೆ. ಮಾಂತೇಶ ಇದಕ್ಕೆ ಬರೆದ ಟಿಪ್ಪಣಿ ಓದಿದೆ: ಹಂಚಿ ತಿನ್ನುವ ದಾಸೋಹದ ಕಲ್ಪನೆಯಂತೆ. ಹೊಟ್ಟೆಬಾಕತನಕ್ಕೆ ಇಂಥ ಒಳ್ಳೆಯ ಹೆಸರಿದೆ ಎಂದು ನನಗೆ ಗೊತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ನಾನು ಸುಮ್ಮನೆ ಸಹಿ ಹಾಕಿ, ನಿನಗೆ ಎರಡು ಕಿಲೋ ಪೇರಲ ಕಳಿಸಿ ಕೈತೊಳೆದುಕೊಳ್ಳುತ್ತಿದ್ದೆ. ಆದರೆ ಭಾನುವಾರದ ಮುಖ್ಯ ಅತಿಥಿ ಯಾರು ಗೊತ್ತೇ? ನಮ್ಮ ಕನ್ನಡ ಶಾಲೆಯ ಪರಮೇಶಪ್ಪ ಮಾಸ್ತರರು. ಎಂಬತ್ತು ದಾಟಿದ್ದಾರೆ, ಕೈಯಲ್ಲೀಗ ಛಡಿಯ ಬದಲು ಊರುಗೋಲು, ಸಿಟ್ಟು ಮಾತ್ರ ಹಾಗೆಯೇ ಇದೆಯಂತೆ. ಮೊದಲ ಸಾಲಿನಲ್ಲಿ ಕೂರುತ್ತಾರೆ. ನೀನು ಮೈಕಿನ ಮುಂದೆ ನಿಂತು ಎರಡನೆಯ ನುಡಿ ಎತ್ತುತ್ತೀ:

ಕನ್ನಡಕದ ಮಾಸ್ತರ ನಶ್ಯಾ ಏರಿಸ್ಯಾನ
ಝಂಡಾ ಹಾರಿಸುವಾಗ ಜೋರಾಗಿ ಸೀನ್ಯಾನ
ಧೋತರಾ ಜಾರೈತಿ, ಮಗಳ ನೋಡ

ಹುಸೇನಬಿ, ಆ ಮಾಸ್ತರರು ಇವರೇ. ನೀನು ಶಾಲೆಗೆ ಸೇರುವ ನಾಲ್ಕು ತಿಂಗಳ ಮೊದಲು, ಜನವರಿ ಇಪ್ಪತ್ತಾರಕ್ಕೆ, ಇಡೀ ಶಾಲೆಯ ಎದುರಿಗೆ ಆದದ್ದು. ಆಮೇಲೆ ಆ ಮಾತೆತ್ತಿದವರಿಗೆ ಬೆರಳ ಗೆಣ್ಣಿನ ಮೇಲೆ ಪೆಟ್ಟು. ಹಾಗಾಗಿ ಯಾರೂ ನಿನಗೆ ಹೇಳಲಿಲ್ಲ, ನನ್ನಿಂದ ಮಾತ್ರ ತಡೆದುಕೊಳ್ಳಲು ಆಗಲಿಲ್ಲ. ನೀನು ಅವರ ಕೈಕೆಳಗೆ ನಾಲ್ಕು ವರ್ಷ ಕಲಿತೆ. ಅವರ ಕನ್ನಡಕ, ಅವರ ನಶ್ಯದ ಡಬ್ಬಿ ದಿನವೂ ನೋಡಿದೆ. ಐದು ವರ್ಷ ಹಿಂದೆ ತೀರಿಹೋದ ನಿನ್ನ ಅಮ್ಮ ಅವರ ಮೇಲೆ ಪದ ಹಾಡಿದ್ದು ಹೇಗೆಂದು ನಿನಗೆ ಒಮ್ಮೆಯೂ ಅನ್ನಿಸಲಿಲ್ಲವೇ? ಸೀನು ಎಂದರೆ ಜ್ಞಾನೋದಯ, ಧೋತರ ಜಾರುವುದೆಂದರೆ ಅಹಂಕಾರ ಕಳಚುವುದು ಎಂದು ಮಾಂತೇಶ ಬರೆದಿದ್ದಾನೆ. ಮಾಸ್ತರರಿಗೆ ಆ ಅರ್ಥ ಹೊಳೆಯುವುದಿಲ್ಲ. ಎದ್ದು ನಿಂತು, ಇದು ನನ್ನದೇ ಕಥೆ, ಎಂಬತ್ತನಾಲ್ಕನೆಯ ಇಸವಿಯದು, ಈ ಹೆಂಗಸು ಸುಳ್ಳಿ ಎಂದುಬಿಟ್ಟರೆ? ಐನೂರು ಜನರ ಮುಂದೆ ನಿನ್ನ ಮೇಲೆ, ನಿನ್ನ ಅಮ್ಮನ ಹೆಸರಿನ ಮೇಲೆ ಆ ಮಾತು ಬೀಳುತ್ತದೆ. ಸುಳ್ಳಿ ನಾನು.

ಆದ್ದರಿಂದ ಎರಡನೆಯ ನುಡಿಯೂ ನನ್ನದೆಂದು ತಿಳಿ. ಉಳಿದದ್ದು ಮೊದಲನೆಯದು. ಅದು ಖಂಡಿತ ನಿನ್ನ ಅಮ್ಮನದೇ ಎಂದು ಬರೆದು ಇಲ್ಲಿಗೇ ಮುಗಿಸೋಣವೆಂದು ಮನಸ್ಸಾಯಿತು. ಎದ್ದು ಚಹಾ ಮಾಡಿಕೊಂಡು ಕುಡಿದು ಬಂದೆ. ಕುಡಿದ ಮೇಲೂ ಬರೆಯಲು ಕೈ ಬರಲಿಲ್ಲ. ಹುಸೇನಬಿ, ಮೊದಲನೆಯದೂ ನಾನೇ ಕಟ್ಟಿದ್ದು.

ಆ ವರ್ಷದ ಪಂಚಮಿ ನೆನಪು ಮಾಡಿಕೋ. ಇಲ್ಲಿ ಸ್ಟೇಡಿಯಂ ಇನ್ನೂ ಆಗಿರಲಿಲ್ಲ. ನಮ್ಮ ಚಾಳದ ಹಿಂದಿನ ಹಲಸಿನ ಮರಕ್ಕೆ ಜೋಕಾಲಿ ಕಟ್ಟಿದ್ದೆವು. ಹಗ್ಗ ನಿನ್ನ ಅಪ್ಪ ಗೂಡುಸಾಬ ಕಾಕಾರ ಲಾರಿಯದು, ಸಾಮಾನು ಬಿಗಿಯುವ ಗಟ್ಟಿ ಹಗ್ಗ. ಏರಿದವಳು ತನ್ನ ಅವ್ವ ಹಾಡುವ ಒಂದು ಪದ ಹಾಡಬೇಕು, ಪದ ಮುಗಿಯುವವರೆಗೆ ಜೀಕಬೇಕು, ಬಾರದಿದ್ದರೆ ಇಳಿಯಬೇಕು ಎಂದು ಕಾಯಿದೆಯಾಗಿತ್ತು. ಇದು ನಮ್ಮವ್ವನ ಊರಿನ ಪದ್ಧತಿ ಎಂದು ನಾನು ಎಲ್ಲರಿಗೂ ಹೇಳಿದ್ದೆ. ಅದೂ ಸುಳ್ಳು. ನಮ್ಮವ್ವನ ಪದಕ್ಕೆ ಹದಿನೆಂಟು ನುಡಿ, ಆದ್ದರಿಂದ ನನಗೆ ಎಲ್ಲರಿಗಿಂತ ಹೆಚ್ಚು ಹೊತ್ತು ಜೀಕಲು ಸಿಗುತ್ತಿತ್ತು. ಅಷ್ಟಕ್ಕೇ ಮಾಡಿದ ಕಾಯಿದೆ.

ನಿನ್ನ ಸರದಿ ಬಂತು. ಏರಿ ಕೂತೆ. ಎಲ್ಲರೂ ಹಾಡು ಹಾಡು ಎಂದರು. ನೀನು ಎಲ್ಲರ ಮುಖ ನೋಡಿದೆ, ನನ್ನ ಮುಖವನ್ನೂ. ಆಮೇಲೆ ಮೆಲ್ಲಗೆ ಇಳಿದು, ಲಂಗ ಝಾಡಿಸಿಕೊಂಡು, "ಹಗ್ಗಾ ನಮ್ಮಪ್ಪಂದು, ಸಂಜಿಕ ತಿರುಗಿ ಕೊಡ್ರಿ" ಎಂದು ಮನೆಗೆ ಹೋದೆ. ಅಳಲಿಲ್ಲ. ಅತ್ತಿದ್ದರೆ ನಾನು ಮರೆತೇಬಿಡುತ್ತಿದ್ದೆ.

ಆ ಮಧ್ಯಾಹ್ನ ಶೇಂಗಾ ಉಂಡಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಹಿತ್ತಲ ಕಟ್ಟೆಯ ಮೇಲೆ ಕೂತು, ಕಣ್ಣಿಗೆ ಬಿದ್ದದ್ದನ್ನೆಲ್ಲ ಸೇರಿಸಿ ಪದ ಕಟ್ಟಿದೆ. ಬಾಳೆಗೊನೆಯ ಹತ್ತಿರ ಬೆಕ್ಕು ಕೂತಿತ್ತು. ಪಾವು ಬ್ರೆಡ್ಡು ಮಾರುವ ಪೊದೇರ ಸೈಕಲ್ಲಿನ ಹಾರ್ನು ಒತ್ತುತ್ತ ಬಂದ.

ಬಾಳಿಹಣ್ಣಿನ ಬುಟ್ಟಿ ಬೆಕ್ಕೊಂದು ಹೊತ್ತೈತಿ
ಪಾವಿನ ಪೊದೇರನ ಸೈಕಲ್ಲು ಹತ್ತೈತಿ
ಪೋಂ ಪೋಂ ಅಂತೈತಿ, ಮಗಳ ಏಳ

ಮಾಂತೇಶನ ಟಿಪ್ಪಣಿಯಲ್ಲಿ ಬೆಕ್ಕು ಮಾಯೆಯಂತೆ, ಸೈಕಲ್ಲು ಸಂಸಾರಚಕ್ರವಂತೆ. ಪೋಂ ಪೋಂ ಎಂಬುದು ಯೋಗಿಗಳಿಗೆ ಮಾತ್ರ ಕೇಳುವ ನಾದವಂತೆ. ಫಾತೋರ್ಡಾದಲ್ಲಿ ಅದು ದಿನಕ್ಕೆ ಎರಡು ಸಲ ಎಲ್ಲರಿಗೂ ಕೇಳುತ್ತದೆ. ಈಗಲೂ ಆ ಹಾರ್ನು ಕೇಳಿದರೆ ಸಾಕು, ನನಗೆ ಹಲಸಿನ ಮರ, ಲಾರಿ ಹಗ್ಗದ ಎಣ್ಣೆ ವಾಸನೆ, ನಿನ್ನ ಲಂಗದ ಕೆಸರು, ಎಲ್ಲ ಒಮ್ಮೆಲೇ ನೆನಪಾಗುತ್ತವೆ. ಕೈಯಲ್ಲಿದ್ದ ಬಳೆ ಗಿರಾಕಿಯ ಕೈಗೆ ಏರಿಸುವುದನ್ನೇ ಮರೆಯುತ್ತೇನೆ.

ಮರುದಿನ ನಿನ್ನ ಹತ್ತಿರ ಬಂದು, "ನಿಮ್ಮಮ್ಮಾ ಹಾಡತಿದ್ದ ಪದಾ ನನಗ ನೆನಪೈತಿ" ಎಂದೆ. "ಖರೇನ ನೀಲಕ್ಕಾ?" ಎಂದೆ ನೀನು. ನಾನು ಯಲ್ಲಮ್ಮನ ಆಣೆ ಮಾಡಿದೆ. ನೀನು ಓಡಿಹೋಗಿ ಜೋಕಾಲಿ ಏರಿದವಳು ಹೊತ್ತು ಮುಳುಗುವವರೆಗೆ ಇಳಿಯಲೇ ಇಲ್ಲ. ಪದ ಮುಗಿದರೆ ತಿರುಗಿ ಮೊದಲಿಂದ ಶುರು. ಉಳಿದ ಹುಡುಗಿಯರು ನನ್ನನ್ನು ಬಯ್ದರು. ನಿನ್ನ ಅಪ್ಪ ಅದನ್ನು ಕೇಳಿ, "ನನ್ನ ಮುಂದ ಒಂದಿನಾನೂ ಹಾಡಲಿಲ್ಲ ನೋಡು" ಎಂದು ನೊಂದುಕೊಂಡರಂತೆ. ಆ ದೇವರಂಥ ಮನುಷ್ಯನಿಗೂ ನಾನು ಮೋಸ ಮಾಡಿದೆ.

ಹೇಳೋಣವೆಂದು ಬಹಳ ಸಲ ಅಂದುಕೊಂಡೆ. ನಿನ್ನ ಮದುವೆಯಲ್ಲಿ ಹೇಳಬೇಕೆಂದಿದ್ದೆ, ನೀನು ಪದ ಹಾಡಿಕೊಂಡು ಮದರಂಗಿ ಹಚ್ಚಿಸಿಕೊಳ್ಳುತ್ತಿದ್ದೆ. ಸಿಮ್ರನ ಹುಟ್ಟಿದಾಗ ಹೇಳಬೇಕೆಂದಿದ್ದೆ, ಆಗಲೂ ಅದೇ ಪದ. ನಿನ್ನ ಬಳಿ ಅಮ್ಮನ ಫೋಟೋ ಇಲ್ಲ, ಸೀರೆ ಇಲ್ಲ. ಇರುವುದು ಇದೊಂದು. ಅದನ್ನು ಕಸಿದುಕೊಳ್ಳುವವಳು ನಾನೇ ಆಗಬೇಕಾಯಿತಲ್ಲ. ನನಗೆ ಬೇರೆ ಗೆಳತಿಯರೂ ಇಲ್ಲ, ನಿನಗದು ಗೊತ್ತು. ನನ್ನ ಬಾಯಿಗೆ ಯಾರು ನಿಲ್ಲುತ್ತಾರೆ?

ಶನಿವಾರದ ಒಳಗೆ ಹೇಳಿ ಕಳಿಸು. ಸಹಿ ಬೇಡವೆಂದರೆ ಹಾಕುವುದಿಲ್ಲ. ಪುಸ್ತಕ ತಡೆಯಬೇಕೆಂದರೆ ಮಾಂತೇಶನ ಮುಂದೆ ಹೋಗಿ ಎಲ್ಲ ಒಪ್ಪಿಕೊಳ್ಳುತ್ತೇನೆ, ಪೇರಲದ್ದೂ ಸೇರಿಸಿ. ಬಯ್ಯುವುದಿದ್ದರೆ ಫೋನು ಮಾಡು, ಈ ಸಲ ನಡುವೆ ಬಾಯಿ ಹಾಕುವುದಿಲ್ಲ. ಸುಮ್ಮನಿರಬೇಡ ಅಷ್ಟೇ. ನೀನು ಜೋಕಾಲಿಯಿಂದ ಇಳಿದು ಹೋದ ಹಾಗೆ ಇನ್ನೊಮ್ಮೆ ಸುಮ್ಮನೆ ಹೋದರೆ ನನಗೆ ತಡೆಯಲು ಆಗುವುದಿಲ್ಲ.

ನಿನ್ನ ಪೇರಲ ತಿಂದವಳು,
ನೀಲಕ್ಕ

ತಾ.ಕ.: ಲಕೋಟೆ ಅಂಟಿಸಿದ್ದನ್ನು ತಿರುಗಿ ಹರಿದು ಇದನ್ನು ಬರೆಯುತ್ತಿದ್ದೇನೆ. ಬರೆದದ್ದನ್ನು ಓದುತ್ತ ಪದವನ್ನು ಬಾಯಲ್ಲೇ ಗುನುಗಿದೆ. ಒಳಗೆ ಅಕ್ಕಿ ಆರಿಸುತ್ತಿದ್ದ ನಮ್ಮವ್ವ, "ಏನವಾ, ಇವತ್ತ ಖಾಜಾಬಿ ಧಾಟಿ ಹಿಡದೀಯಲ್ಲ" ಎಂದಳು. ನಾನು ದಂಗಾದೆ. ಇದು ನಾನು ಕಟ್ಟಿದ ಪದ ಎಂದೆ. "ಮಾತ ನೀ ಕಟ್ಟಿರಬೇಕು, ಧಾಟಿ ಅಕೀದು. ಹುಸೇನಿನ್ನ ಬಗಲಾಗ ಇಟಗೊಂಡು ನಳದ ಮುಂದ ದಿನಾ ಇದನ್ನ ಗುನಗತಿದ್ದಳು. ನೀ ಅಕಿ ಸೆರಗ ಹಿಡಕೊಂಡು ಹಿಂದಿಂದ ತಿರಗತಿದ್ದಿ" ಎಂದಳು. ನಲವತ್ತು ವರ್ಷ ಯಾಕೆ ಹೇಳಲಿಲ್ಲ ಎಂದರೆ, "ಯಾರ ಕೇಳೀರಿ?" ಎಂದಳು. ಆಕೆ ಹಾಡುತ್ತಿದ್ದ ಮಾತು ಏನಿತ್ತು ಎಂದು ಕೇಳಿದೆ. "ಮಾತ ಎಲ್ಲಿಂದ ಬರಬೇಕು? ಯಾವಾಗ ನೋಡಿದರೂ ಬಾಯಿತುಂಬ ಎಲಿ ಅಡಿಕಿ."

ಭಾನುವಾರ ಬೆಕ್ಕು, ಮಾಸ್ತರರು, ಪೇರಲ ಯಾವುದೂ ಬೇಡ. ಮೈಕಿನ ಮುಂದೆ ಬಾಯಿ ಮುಚ್ಚಿಕೊಂಡು ಆ ಧಾಟಿಯಷ್ಟೇ ಹಾಡು. ಅದಕ್ಕೆ ನಾನು ಸಹಿ ಹಾಕುತ್ತೇನೆ.